ಕರೆದರೆ ಬರ್ತಾರಾ?

ಲಿಥುವೇನಿಯಾಗೆ ತನ್ನದೇ ಅಂತ ಒಂದು ಫೈಟರ್ ಜೆಟ್ ಕೂಡ ಇಲ್ಲ. ಅಲ್ಲಿನ ಒಟ್ಟು ಜನಸಂಖ್ಯೆ ನಮ್ಮ ಮೈಸೂರು ಜಿಲ್ಲೆಗಿಂತ ಕಡಿಮೆ. ಒಂದು ಗಡಿಯಾಚೆ ರಷ್ಯಾದ ಕಲಿನಿನ್‌ಗ್ರಾಡ್, ಇನ್ನೊಂದು ಗಡಿಯಾಚೆ ಬೆಲಾರುಸ್. ಪಕ್ಕದ ಲಾಟ್ವಿಯಾ, ಎಸ್ಟೋನಿಯಾಗಳಿಗೂ ಸ್ವಂತ ಫೈಟರ್‌ಗಳಿಲ್ಲ. ಆದರೂ ಈ ಮೂರು ದೇಶಗಳ ಆಕಾಶಕ್ಕೆ 2004ರ ಮಾರ್ಚ್ ಕೊನೆಯಿಂದ ಇವತ್ತಿನವರೆಗೆ ಕಾವಲು ತಪ್ಪಿಲ್ಲ.

ಕಾವಲು ಕಾಯೋರು ಬೇರೆ ದೇಶದವರು. ಲಿಥುವೇನಿಯಾದ ಶಿಯೌಲೈ ವಾಯುನೆಲೆಗೆ ಮೊದಲು ಬಂದದ್ದು ಬೆಲ್ಜಿಯಂನ ಎಫ್-16 ವಿಮಾನಗಳು. ಆಮೇಲೆ ಡೆನ್ಮಾರ್ಕ್, ಬ್ರಿಟನ್, ನಾರ್ವೆ, ಜರ್ಮನಿ, ಸ್ಪೇನ್, ಪೋಲೆಂಡ್, ಹೀಗೆ ಒಂದಾದ ಮೇಲೊಂದು. 2007ರಲ್ಲಿ ರೊಮೇನಿಯಾ ಬಂತು, ಅದೂ ಮಿಗ್-21 ತಗೊಂಡು! ನಮ್ಮ ವಾಯುಪಡೆ 2025ರ ಸೆಪ್ಟೆಂಬರ್‌ನಲ್ಲಿ ಬೀಳ್ಕೊಟ್ಟಿತಲ್ಲ, ಅದೇ ಮಿಗ್-21. ಸೋವಿಯತ್ ವಿನ್ಯಾಸದ ವಿಮಾನದಲ್ಲಿ ಕೂತು ರಷ್ಯಾದ ವಿಮಾನಗಳ ಮೇಲೆ ಕಣ್ಣಿಡುವ ಕೆಲಸ.

ಈಗ ಪಾಳಿ ಸಾಮಾನ್ಯವಾಗಿ ನಾಲ್ಕು ತಿಂಗಳದ್ದು. ಬಾಲ್ಟಿಕ್ ಸಮುದ್ರದ ಮೇಲೆ ಯಾವುದಾದರೂ ವಿಮಾನ ಫ್ಲೈಟ್ ಪ್ಲ್ಯಾನ್ ಕೊಡದೆ, ಟ್ರಾನ್ಸ್‌ಪಾಂಡರ್ ಆಫ್ ಮಾಡಿಕೊಂಡು, ರೇಡಿಯೋದಲ್ಲಿ ಉತ್ತರ ಕೊಡದೆ ಬರುತ್ತಿದ್ದರೆ ಜರ್ಮನಿಯ ಯೂಡೆಮ್‌ನಲ್ಲಿರುವ ಕಮಾಂಡ್ ಕೇಂದ್ರದಿಂದ ಆದೇಶ ಬರುತ್ತದೆ. ಆದೇಶ ಬಂದ 15 ನಿಮಿಷದೊಳಗೆ ಫೈಟರ್ ನೆಲ ಬಿಟ್ಟಿರಬೇಕು. ಹೋಗಿ, ಯಾರು ಏನು ಅಂತ ನೋಡಿ, ಪಕ್ಕದಲ್ಲೇ ಸ್ವಲ್ಪ ದೂರ ಹಾರಿ, ವಾಪಸ್ ಬರುವುದು. ಬಹುಪಾಲು ದಿನ ಇಷ್ಟೇ ಕೆಲಸ. ಸಿನಿಮಾ ಮಾಡುವಂಥದ್ದು ಏನೂ ಇರಲ್ಲ.

ನ್ಯಾಟೋ ಅಂದ ಕೂಡಲೇ ನಮ್ಮ ಟಿವಿ ಚರ್ಚೆಗಳಲ್ಲಿ ಬರುವುದು ದೊಡ್ಡ ಮಾತುಗಳು. ಮೂರನೇ ಮಹಾಯುದ್ಧ, ಅಮೆರಿಕದ ಬೆದರಿಕೆ, ಇಷ್ಟು ಪರ್ಸೆಂಟ್ ದುಡ್ಡು ಅಷ್ಟು ಪರ್ಸೆಂಟ್ ದುಡ್ಡು. ನನಗೆ ಮಾತ್ರ ಈ 15 ನಿಮಿಷದ ಡ್ಯೂಟಿಯೇ ಹೆಚ್ಚು ಕುತೂಹಲ. ಸ್ಪೇನ್‌ನ ಯಾವುದೋ ಊರಿನ ಪೈಲಟ್, ತನಗೆ ಸಂಬಂಧವೇ ಇಲ್ಲದ ದೇಶದ ಛಾವಣಿ ಮೇಲೆ ಚಳಿಗಾಲದ ರಾತ್ರಿ ಯಾಕೆ ಎದ್ದು ಕೂತಿರುತ್ತಾನೆ? ನಾಳೆ ನಿಜವಾಗಿ ಏನಾದರೂ ಆದರೆ ಅವನ ದೇಶ ಅವನ ಬೆನ್ನಿಗೆ ನಿಲ್ಲುತ್ತದಾ? ಈ ವಾರ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಒಪ್ಪಂದದಲ್ಲಿ ಇರುವುದೇನು?

1949ರ ಏಪ್ರಿಲ್ 4ರಂದು ವಾಷಿಂಗ್ಟನ್‌ನಲ್ಲಿ 12 ದೇಶಗಳು ಸಹಿ ಹಾಕಿದ ಒಪ್ಪಂದ ಇದು. ಈಗ ಸದಸ್ಯರು 32. ಕೊನೆಗೆ ಸೇರಿದ್ದು 2023ರಲ್ಲಿ ಫಿನ್ಲೆಂಡ್, 2024ರಲ್ಲಿ ಸ್ವೀಡನ್. ಇಡೀ ಒಪ್ಪಂದದಲ್ಲಿ ಇರುವುದು ಬರೀ 14 ಕಲಮು. ನಿಮ್ಮ ಬಾಡಿಗೆ ಕರಾರುಪತ್ರ ಇದಕ್ಕಿಂತ ಉದ್ದ ಇರಬಹುದು.

ಎಲ್ಲರಿಗೂ ಗೊತ್ತಿರುವುದು 5ನೇ ಕಲಮು. ಒಬ್ಬರ ಮೇಲೆ ಸಶಸ್ತ್ರ ದಾಳಿ ಆದರೆ ಎಲ್ಲರ ಮೇಲೂ ಆದಂತೆ. ಇಷ್ಟು ಕೇಳಿದ ತಕ್ಷಣ ನಾವು ಅಂದುಕೊಳ್ಳುವುದು, ಒಂದು ಕಡೆ ಗುಂಡು ಹಾರಿದರೆ 32 ದೇಶಗಳೂ ತಾವಾಗಿಯೇ ಯುದ್ಧಕ್ಕೆ ಇಳಿಯುತ್ತವೆ ಅಂತ. ಆದರೆ ಅದೇ ಕಲಮಿನ ಮುಂದಿನ ಭಾಗದಲ್ಲಿ ಒಂದು ಸಣ್ಣ ಷರತ್ತಿದೆ. ಪ್ರತಿ ದೇಶವೂ, ಸೇನಾಬಲ ಬಳಸುವುದೂ ಸೇರಿದಂತೆ, ತನಗೆ ಅಗತ್ಯ ಅನ್ನಿಸಿದ ಕ್ರಮ ತೆಗೆದುಕೊಳ್ಳುತ್ತದೆ. "ತನಗೆ ಅಗತ್ಯ ಅನ್ನಿಸಿದ" ಅನ್ನುವುದನ್ನು ಇನ್ನೊಮ್ಮೆ ಓದಿ. ಟ್ಯಾಂಕ್ ಕಳಿಸಬಹುದು, ಔಷಧ ಕಳಿಸಬಹುದು, ಹಣ ಕೊಡಬಹುದು. ಎಷ್ಟು ಸಾಕು ಅನ್ನುವುದನ್ನು ತೀರ್ಮಾನಿಸೋರು ಕೊಡೋರೇ.

ಇದು ಕಣ್ತಪ್ಪಿನಿಂದ ಉಳಿದ ಸಂದಿ ಅಲ್ಲ. ಯುದ್ಧ ಘೋಷಿಸುವ ಅಧಿಕಾರ ತಮ್ಮ ಸಂಸತ್ತಿನದು, ಅದು ಒಪ್ಪಂದದ ಮೂಲಕ ಕೈತಪ್ಪಬಾರದು ಅಂತ ಅಮೆರಿಕದ ಸೆನೆಟರ್‌ಗಳು ಪಟ್ಟು ಹಿಡಿದಿದ್ದರು. ಯುರೋಪಿನವರಿಗೆ ಇನ್ನೂ ಗಟ್ಟಿ ಮಾತು ಬೇಕಿತ್ತು. ಕೊನೆಗೆ ಇಬ್ಬರೂ ಒಪ್ಪುವಂಥ ವಾಕ್ಯ ಸಿಕ್ಕಿತು.

ಹಾಗಾದರೆ ಈ ಮಾತಿಗೆ ಬೆಲೆ ಏನು? ಇದೇ ಪ್ರಶ್ನೆಯನ್ನು ಫ್ರಾನ್ಸಿನ ಅಧ್ಯಕ್ಷ ಡಿಗಾಲ್ ಅರವತ್ತರ ದಶಕದಲ್ಲೇ ಎತ್ತಿದ್ದರು. ಪ್ಯಾರಿಸ್ ಉಳಿಸೋಕೆ ಅಮೆರಿಕ ತನ್ನ ನ್ಯೂಯಾರ್ಕನ್ನು ಪಣಕ್ಕಿಡುತ್ತದಾ ಅನ್ನುವುದು ಅವರ ಸಂಶಯ. ಕೇಳಿ ಸುಮ್ಮನಾಗಲಿಲ್ಲ. ಫ್ರಾನ್ಸ್ ತನ್ನದೇ ಅಣ್ವಸ್ತ್ರ ಮಾಡಿಕೊಂಡಿತು. 1966ರಲ್ಲಿ ನ್ಯಾಟೋದ ಜಂಟಿ ಸೇನಾ ಕಮಾಂಡ್‌ನಿಂದ ಹೊರಬಂತು. ಪ್ಯಾರಿಸ್‌ನಲ್ಲಿದ್ದ ಮುಖ್ಯ ಕಚೇರಿ ಬ್ರಸೆಲ್ಸ್‌ಗೆ ಹೋಯಿತು. ಫ್ರಾನ್ಸ್ ಆ ಕಮಾಂಡ್‌ಗೆ ಮರಳಿದ್ದು 2009ರಲ್ಲಿ. ಅಷ್ಟು ವರ್ಷವೂ ಅದು ಒಪ್ಪಂದದ ಸದಸ್ಯನಾಗಿಯೇ ಇತ್ತು ಅನ್ನುವುದನ್ನೂ ಗಮನಿಸಬೇಕು. ನಂಬಿಕೆ ಅರ್ಧ, ಎಚ್ಚರಿಕೆ ಅರ್ಧ.

ಕಾಗದಕ್ಕೆ ಜೀವ ಬರುವುದು ಹೇಗೆ?

ಡಿಗಾಲ್ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಕೊಡೋಕೆ ಆಗಲ್ಲ. ಕೊಡಬಹುದಾದ ಉತ್ತರ ಒಂದೇ: ಗಂಡಾಂತರ ಬರುವ ಮೊದಲೇ ನಮ್ಮ ಜನ ಅಲ್ಲಿ ಹೋಗಿ ಇರುವುದು.

2014ರಲ್ಲಿ ರಷ್ಯಾ ಕ್ರಿಮಿಯಾವನ್ನು ವಶ ಮಾಡಿಕೊಂಡ ಮೇಲೆ ನ್ಯಾಟೋ ಈ ದಾರಿ ಹಿಡಿಯಿತು. 2016ರ ವಾರ್ಸಾ ಶೃಂಗಸಭೆಯಲ್ಲಿ ತೀರ್ಮಾನ ಆಯಿತು, 2017ರಲ್ಲಿ ತುಕಡಿಗಳು ಹೋದವು. ಎಸ್ಟೋನಿಯಾದಲ್ಲಿ ಬ್ರಿಟನ್ ನಾಯಕತ್ವ, ಲಾಟ್ವಿಯಾದಲ್ಲಿ ಕೆನಡಾ, ಲಿಥುವೇನಿಯಾದಲ್ಲಿ ಜರ್ಮನಿ, ಪೋಲೆಂಡ್‌ನಲ್ಲಿ ಅಮೆರಿಕ. ಒಂದೊಂದು ತುಕಡಿಯಲ್ಲೂ ಹಲವು ದೇಶಗಳ ಸೈನಿಕರು.

ಒಂದೊಂದು ದೇಶದಲ್ಲಿ ಇದ್ದದ್ದು ಸಾವಿರದ ಆಸುಪಾಸು ಮಂದಿ. ಅಷ್ಟು ಜನರಿಂದ ರಷ್ಯಾದ ಸೇನೆಯನ್ನು ತಡೆಯೋಕೆ ಆಗುತ್ತಾ? ಆಗಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಲೆಕ್ಕ ಬೇರೆಯದೇ. ದಾಳಿ ಆದರೆ ಮೊದಲ ದಿನವೇ ಬ್ರಿಟಿಷ್, ಕೆನಡಾ, ಜರ್ಮನ್ ಸೈನಿಕರೂ ಸಾಯುತ್ತಾರೆ. ಆಗ ಲಂಡನ್, ಒಟ್ಟಾವ, ಬರ್ಲಿನ್‌ಗಳು "ನಮಗೆ ಅಗತ್ಯ ಅನ್ನಿಸಲಿಲ್ಲ" ಅಂತ ಹೇಳಿ ಕೂರೋಕೆ ಆಗಲ್ಲ. ಕೇಳೋಕೆ ಕಠೋರ ಅನ್ನಿಸುತ್ತದೆ, ಆದರೆ ಈ ನಂಬಿಕೆಯ ತಳಪಾಯ ಇದೇ.

ಅದೂ ಸಾಲದು ಅಂತ ಅಲ್ಲಿನವರಿಗೇ ಅನ್ನಿಸಿತು. ಎಸ್ಟೋನಿಯಾದ ಆಗಿನ ಪ್ರಧಾನಿ ಕಾಯಾ ಕಲ್ಲಾಸ್ 2022ರಲ್ಲಿ ಬಹಿರಂಗವಾಗಿಯೇ ಒಂದು ಮಾತು ಹೇಳಿದರು: ಈಗಿನ ಯೋಜನೆ ಪ್ರಕಾರ ನಮ್ಮ ದೇಶ ಮೊದಲು ಶತ್ರುವಿನ ಕೈಗೆ ಹೋಗುತ್ತದೆ, 180 ದಿನ ಆದ ಮೇಲೆ ಬಿಡಿಸಿಕೊಡುತ್ತಾರೆ, ಅಷ್ಟರಲ್ಲಿ ಉಳಿಯೋದೇನು? ಉಕ್ರೇನಿನ ಬೂಚಾದಲ್ಲಿ ರಷ್ಯಾದ ಕೈಯಲ್ಲಿದ್ದ ಕೆಲವೇ ವಾರಗಳಲ್ಲಿ ಏನಾಯಿತು ಅಂತ ಜಗತ್ತು ಆಗಷ್ಟೇ ನೋಡಿತ್ತು. ಆ ವರ್ಷದ ಮ್ಯಾಡ್ರಿಡ್ ಶೃಂಗಸಭೆಯಲ್ಲಿ ನಿಲುವು ಬದಲಾಯಿತು. ಕಳೆದುಕೊಂಡು ಆಮೇಲೆ ಗೆಲ್ಲುವುದಲ್ಲ, ಮೊದಲ ಇಂಚಿನಿಂದಲೇ ಕಾಯುವುದು. ಅದರ ಫಲವಾಗಿ ಜರ್ಮನಿ ಈಗ ಲಿಥುವೇನಿಯಾದಲ್ಲಿ ಸುಮಾರು 5,000 ಮಂದಿಯ ಬ್ರಿಗೇಡನ್ನು ಕಾಯಂ ಆಗಿ ಇರಿಸುತ್ತಿದೆ. 2027ಕ್ಕೆ ಪೂರ್ಣ ಬಲ ಬರಬೇಕು. ಎರಡನೇ ಮಹಾಯುದ್ಧದ ನಂತರ ಜರ್ಮನಿ ಇಂಥ ಬ್ರಿಗೇಡೊಂದನ್ನು ಬೇರೆ ದೇಶದಲ್ಲಿ ಕಾಯಂ ಆಗಿ ಇಡುತ್ತಿರುವುದು ಇದೇ ಮೊದಲು. ಒಂದು ಕಾಲಕ್ಕೆ ಜರ್ಮನ್ ಸೈನಿಕರನ್ನು ಕಂಡರೆ ನಡುಗುತ್ತಿದ್ದ ನೆಲ, ಈಗ "ಬನ್ನಿ, ಇಲ್ಲೇ ಇರಿ" ಅಂತ ಕರೆಯುತ್ತಿದೆ.

ಟ್ಯಾಲಿನ್‌ನಿಂದ ಬಂದ ಮೆಸೇಜು

ನನ್ನ ಚಿಕ್ಕಮ್ಮನ ಮಗಳು ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. "ನಮ್ ಹಾಸನ ಜಿಲ್ಲೆಯಷ್ಟೂ ಜನ ಇಲ್ಲ ಅಕ್ಕಾ ಈ ದೇಶದಲ್ಲಿ" ಅಂತ ಹೋದ ಹೊಸದರಲ್ಲಿ ನಗ್ತಿದ್ದಳು. ಲೆಕ್ಕ ಸರಿಯೇ, ಅಲ್ಲಿ ಇರೋದು ಸುಮಾರು 13.5 ಲಕ್ಷ ಜನ.

2025ರ ಸೆಪ್ಟೆಂಬರ್ 19ರಂದು ರಷ್ಯಾದ ಮೂರು ಮಿಗ್-31 ವಿಮಾನಗಳು ತನ್ನ ವಾಯುಗಡಿಯೊಳಗೆ 12 ನಿಮಿಷ ಇದ್ದವು ಅಂತ ಎಸ್ಟೋನಿಯಾ ಹೇಳಿತು. ರಷ್ಯಾ ಇಲ್ಲ ಅಂದಿತು. ಅವುಗಳ ಬೆನ್ನಿಗೆ ಹೋದದ್ದು ಎಸ್ಟೋನಿಯಾದ ಆಮಾರಿ ನೆಲೆಯಲ್ಲಿ ಪಾಳಿ ಕಾಯುತ್ತಿದ್ದ ಇಟಲಿಯ ಎಫ್-35ಗಳು. ಅವತ್ತು ರಾತ್ರಿ ಇವಳ ಮೆಸೇಜು ಬಂತು: "ಇಲ್ಲೇನೂ ಗಲಾಟೆ ಇಲ್ಲ, ಟ್ರ್ಯಾಮ್ ಓಡ್ತಿದೆ, ಅಮ್ಮಂಗೆ ಹೇಳ್ಬೇಡ. ಆದ್ರೆ ಒಂದ್ ಮಾತು ಕೇಳ್ಲಾ, ನಿಜವಾಗ್ಲೂ ಏನಾದ್ರೂ ಆದ್ರೆ ಇವರೆಲ್ಲ ಬರ್ತಾರಾ?"

ನಾನೇನು ಉತ್ತರ ಕೊಡ್ಲಿ? ಅವಳೇ ಮಾರನೇ ದಿನ ಆಫೀಸಿನಲ್ಲಿ ತನ್ನ ಟೀಮ್‌ನ ಎಸ್ಟೋನಿಯನ್ ಹುಡುಗನನ್ನು ಕೇಳಿದಳಂತೆ. ಅವನು ವಾರವಿಡೀ ಕೋಡ್ ಬರೆದು, ಎಷ್ಟೋ ವೀಕೆಂಡ್‌ಗಳಲ್ಲಿ ಯೂನಿಫಾರ್ಮ್ ಹಾಕಿಕೊಂಡು ಕಾಡಿಗೆ ಹೋಗುತ್ತಾನೆ. ಎಸ್ಟೋನಿಯಾದಲ್ಲಿ ಕಡ್ಡಾಯ ಸೇನಾ ತರಬೇತಿಯ ಜೊತೆಗೆ ಕೈಟ್ಸೆಲೀಟ್ ಅಂತ ಸ್ವಯಂಸೇವಕರ ರಕ್ಷಣಾ ದಳವೂ ಇದೆ. ಅವನ ಉತ್ತರ ಇಷ್ಟೇ: "ನಾವು ನಿಂತಿದ್ರೆ ಬರ್ತಾರೆ. ನಾವೇ ಮಲಗಿದ್ರೆ ಯಾರನ್ನ ನೋಡಿ ಬರ್ತಾರೆ?"

ಅವನಿಗೆ ಗೊತ್ತಿತ್ತೋ ಇಲ್ಲವೋ, ಅವನು ಹೇಳಿದ್ದು ಒಪ್ಪಂದದ 3ನೇ ಕಲಮನ್ನು. 5ನೇ ಕಲಮಿನಷ್ಟು ಹೆಸರು ಮಾಡದ ಕಲಮು ಅದು. ಪ್ರತಿಯೊಬ್ಬರೂ ದಾಳಿ ಎದುರಿಸುವ ಶಕ್ತಿಯನ್ನು ತಾವೂ ಬೆಳೆಸಿಕೊಳ್ಳಬೇಕು, ಒಬ್ಬರಿಗೊಬ್ಬರು ನೆರವಾಗಿಯೂ ಬೆಳೆಸಬೇಕು ಅನ್ನುತ್ತದೆ. ಅಂದರೆ ಸಹಾಯ ಕೇಳೋ ಹಕ್ಕಿಗಿಂತ ಮೊದಲೇ ಸಹಾಯಕ್ಕೆ ಅರ್ಹರಾಗೋ ಕರ್ತವ್ಯ ಬರೆದಿದೆ.

ಅದಕ್ಕೆ ಹತ್ತು ದಿನ ಮೊದಲು ಪೋಲೆಂಡ್‌ನಲ್ಲಿ ನಡೆದದ್ದನ್ನೂ ನೋಡಿ. ಸೆಪ್ಟೆಂಬರ್ 9ರ ರಾತ್ರಿ ರಷ್ಯಾದ ಡ್ರೋನ್‌ಗಳು ಪೋಲೆಂಡ್ ಒಳಗೆ ಬಂದವು. ಪೋಲೆಂಡ್‌ನ ಎಫ್-16, ನೆದರ್ಲೆಂಡ್ಸ್‌ನ ಎಫ್-35, ಇಟಲಿಯ ರಾಡಾರ್ ವಿಮಾನ, ಜರ್ಮನಿಯ ಪೇಟ್ರಿಯಟ್ ಕ್ಷಿಪಣಿ ಪಡೆ, ಎಲ್ಲವೂ ಒಂದೇ ರಾತ್ರಿಯಲ್ಲಿ ಒಂದೇ ಆಕಾಶಕ್ಕೆ ಕೆಲಸ ಮಾಡಿದವು. ಇದು ರಾತ್ರೋರಾತ್ರಿ ಫೋನ್ ಮಾಡಿ ಕರೆಸಿದ್ದಲ್ಲ. ಎಲ್ಲರ ರೇಡಿಯೋ ಒಂದೇ ಭಾಷೆ ಮಾತಾಡಬೇಕು, ಒಬ್ಬರ ಟ್ಯಾಂಕರ್‌ನ ಪೈಪು ಇನ್ನೊಬ್ಬರ ವಿಮಾನಕ್ಕೆ ಕೂರಬೇಕು, ಯಾರು ಯಾರಿಗೆ ಆದೇಶ ಕೊಡಬೇಕು ಅಂತ ಮೊದಲೇ ಗೊತ್ತಿರಬೇಕು. ವರ್ಷಗಟ್ಟಲೆ ಬೇಸರ ಬರುವಷ್ಟು ಅಭ್ಯಾಸ ಮಾಡಿದ್ದಕ್ಕೆ ಸಿಕ್ಕ ಫಲ ಅದು.

ಮೇಂಟೆನೆನ್ಸ್ ಕೊಡದ ಫ್ಲ್ಯಾಟಿನವರು

ಇನ್ನು ದುಡ್ಡಿನ ಜಗಳಕ್ಕೆ ಬರೋಣ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಇರೋರಿಗೆ ಇದು ಬೇಗ ಅರ್ಥ ಆಗುತ್ತೆ. ನಾವು ಕರೆಕ್ಟಾಗಿ ಮೇಂಟೆನೆನ್ಸ್ ಕಟ್ತೀವಿ, ಮೂರನೇ ಫ್ಲೋರಿನವರು ಆರು ತಿಂಗಳಿಂದ ಕೊಟ್ಟಿಲ್ಲ, ಆದರೆ ಲಿಫ್ಟೂ ವಾಚ್‌ಮನ್ನೂ ಅವರಿಗೂ ಬೇಕು. ಅಮೆರಿಕ ಯುರೋಪನ್ನು ಬೈಯುವುದೂ ಹೀಗೆಯೇ. ಇದು ಟ್ರಂಪ್ ಶುರು ಮಾಡಿದ ರಾಗವೂ ಅಲ್ಲ. ಕೆನಡಿ ಕಾಲದಲ್ಲೇ ಈ ಗೊಣಗಾಟ ಇತ್ತು. 1971ರಲ್ಲಿ ಸೆನೆಟರ್ ಮೈಕ್ ಮ್ಯಾನ್ಸ್‌ಫೀಲ್ಡ್ ಯುರೋಪಿನಲ್ಲಿರುವ ಅಮೆರಿಕನ್ ಸೈನಿಕರನ್ನು ಅರ್ಧಕ್ಕೆ ಇಳಿಸಬೇಕು ಅಂತ ತಿದ್ದುಪಡಿಯನ್ನೇ ತಂದಿದ್ದರು. ಅದು ಸೋತಿತು.

ಆದರೆ ಅಪಾರ್ಟ್‌ಮೆಂಟ್ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ನೀವು ಓದುವ ಶೇ 2, ಶೇ 5 ಎಲ್ಲ ನ್ಯಾಟೋಗೆ ಕಟ್ಟುವ ಚಂದಾ ಅಲ್ಲ. ಒಂದು ದೇಶದ ಒಟ್ಟು ಉತ್ಪನ್ನ 100 ರೂಪಾಯಿ ಅಂದುಕೊಂಡರೆ, ಅದರಲ್ಲಿ ಎಷ್ಟನ್ನು ತನ್ನದೇ ರಕ್ಷಣೆಗೆ ಖರ್ಚು ಮಾಡುತ್ತದೆ ಅನ್ನುವ ಲೆಕ್ಕ. ದುಡ್ಡು ಅವರವರ ಸೈನ್ಯಕ್ಕೇ ಹೋಗುತ್ತದೆ. ನಿಮ್ಮ ಮನೆ ಬಾಗಿಲಿಗೆ ನೀವೇ ಗಟ್ಟಿ ಬೀಗ ಹಾಕಿಸಿಕೊಂಡಿದ್ದೀರಾ ಅಂತ ಕೇಳಿದ ಹಾಗೆ. ನಿಜವಾದ ಚಂದಾ ಬೇರೆ ಇದೆ. ಕಚೇರಿ, ಜಂಟಿ ಕಮಾಂಡ್, ಕೆಲವು ಸಾಮಾನ್ಯ ಸೌಲಭ್ಯಗಳಿಗೆ ಬೇಕಾದ ಸಣ್ಣ ಬಜೆಟ್ ಅದು. ಸದಸ್ಯರ ಒಟ್ಟು ರಕ್ಷಣಾ ವೆಚ್ಚದಲ್ಲಿ ಶೇ 0.3ರಷ್ಟು ಮಾತ್ರ. ಅದರಲ್ಲಿ 2024ರ ಹೊತ್ತಿಗೆ ಅಮೆರಿಕದ್ದೂ ಜರ್ಮನಿಯದ್ದೂ ಸಮಪಾಲು, ತಲಾ ಶೇ 16ರ ಆಸುಪಾಸು. ಹಾಗಾಗಿ ಯಾರಾದರೂ "ಇಂಥ ದೇಶ ನ್ಯಾಟೋಗೆ ಇಷ್ಟು ಬಾಕಿ ಇಟ್ಟಿದೆ" ಅಂದರೆ ಸ್ವಲ್ಪ ತಡೆಯಿರಿ.

ಅಮೆರಿಕದ ದೂರಿನಲ್ಲಿ ಹುರುಳಿಲ್ಲವಾ? ಇದೆ. 2014ರ ವೇಲ್ಸ್ ಶೃಂಗಸಭೆಯಲ್ಲಿ ಹತ್ತು ವರ್ಷದೊಳಗೆ ಶೇ 2ಕ್ಕೆ ಬರ್ತೀವಿ ಅಂತ ಎಲ್ಲರೂ ಮಾತು ಕೊಟ್ಟಾಗ ಆ ಗೆರೆ ದಾಟಿದ್ದವರು ಮೂವರೇ: ಅಮೆರಿಕ, ಬ್ರಿಟನ್, ಗ್ರೀಸ್. 2024ರ ಹೊತ್ತಿಗೆ ಅದು 20 ದಾಟಿತು. 2025ರ ಜೂನ್‌ನಲ್ಲಿ ಹೇಗ್‌ನಲ್ಲಿ ಹೊಸ ಗುರಿ ಬಂತು. 2035ಕ್ಕೆ ಶೇ 5: ಅದರಲ್ಲಿ 3.5 ನೇರ ಸೇನೆಗೆ, 1.5 ರಸ್ತೆ, ಸೇತುವೆ, ಸೈಬರ್ ಸುರಕ್ಷತೆಯಂಥ ಸಂಬಂಧಪಟ್ಟ ಕೆಲಸಕ್ಕೆ. ನಮಗೆ ಅಷ್ಟು ಬೇಕಿಲ್ಲ ಅಂತ ಸ್ಪೇನ್ ಆಗಲೇ ತಗಾದೆ ತೆಗೆದಿದೆ.

ಆದರೆ ಪರ್ಸೆಂಟ್ ಎಲ್ಲವನ್ನೂ ಹೇಳಲ್ಲ. ಆ ಲೆಕ್ಕದಲ್ಲಿ ನಿವೃತ್ತ ಸೈನಿಕರ ಪಿಂಚಣಿಯೂ ಸೇರುತ್ತದೆ. ಪಿಂಚಣಿ ಕೊಡಲೇಬೇಕು, ಆದರೆ ಅದು ಗಡಿ ಕಾಯಲ್ಲ. ಗ್ರೀಸ್ ಯಾವತ್ತೂ ಗುರಿ ಮೀರಿಯೇ ಇದ್ದದ್ದಕ್ಕೆ ದೊಡ್ಡ ಕಾರಣ ಟರ್ಕಿ, ಅದೂ ನ್ಯಾಟೋ ಸದಸ್ಯನೇ! ಇನ್ನು ಐಸ್‌ಲೆಂಡ್ ನೋಡಿ. ಸ್ಥಾಪಕ ಸದಸ್ಯ, ಆದರೆ ಸೈನ್ಯವೇ ಇಲ್ಲ. ಹಾಗಂತ ಬಿಟ್ಟಿ ಸದಸ್ಯ ಅಂತೀರಾ? ರಷ್ಯಾದ ಸಬ್‌ಮರೀನ್‌ಗಳು ಉತ್ತರದಿಂದ ಅಟ್ಲಾಂಟಿಕ್‌ಗೆ ಇಳಿಯುವ ದಾರಿಯಲ್ಲೇ ಅದು ಕೂತಿದೆ. ಅದರ ಕೆಫ್ಲಾವಿಕ್ ರನ್‌ವೇ ಇಲ್ಲದಿದ್ದರೆ ಆ ಸಮುದ್ರದ ಮೇಲೆ ಕಣ್ಣಿಡುವುದೇ ಕಷ್ಟ. ಅವರು ಕೊಡುವುದು ಜಾಗ.

ಹಂಚಿಕೊಂಡರೆ ಲಾಭ, ಜೊತೆಗೆ ಒಂದು ಕಂಟಕ

ಯುರೋಪಿನಲ್ಲಿ ಈ ಹಂಚಿಕೆ ಎಷ್ಟು ದೂರ ಹೋಗಿದೆ ಅಂದರೆ ಕೆಲವು ಕಡೆ ಇದು ಯಾರದು ಅಂತ ಕೇಳಿದರೆ ಉತ್ತರ ಸಿಗಲ್ಲ. ಹಂಗೇರಿಯ ಪಾಪಾ ವಾಯುನೆಲೆಯಲ್ಲಿ ಮೂರು ಸಿ-17 ಸರಕು ವಿಮಾನಗಳಿವೆ. ಎಸ್ಟೋನಿಯಾ, ಸ್ಲೊವೇನಿಯಾದಂಥ ಪುಟ್ಟ ದೇಶಗಳಿಗೆ ಅಂಥದ್ದೊಂದನ್ನು ಕೊಳ್ಳೋದು ಕನಸಿನ ಮಾತು. 12 ದೇಶಗಳು ಸೇರಿ ಕೊಂಡವು. ವರ್ಷಕ್ಕೆ ಯಾರಿಗೆ ಎಷ್ಟು ಗಂಟೆ ಹಾರಾಟ ಬೇಕೋ ಅಷ್ಟರ ಪಾಲು ಹಾಕಿದ್ದಾರೆ. ಬೆಲ್ಜಿಯಂ, ನೆದರ್ಲೆಂಡ್ಸ್ ನೌಕಾಪಡೆಗಳಿಗೆ ಒಂದೇ ಜಂಟಿ ಕಮಾಂಡ್. ಸಮುದ್ರದ ಸಿಡಿಗುಂಡು ತೆಗೆಯುವ ಹಡಗುಗಳ ಜವಾಬ್ದಾರಿ ಮುಖ್ಯವಾಗಿ ಒಬ್ಬರದು, ಫ್ರಿಗೇಟ್‌ಗಳದ್ದು ಇನ್ನೊಬ್ಬರದು. ಕೂಡುಕುಟುಂಬದ ಅಡುಗೆಮನೆಯಲ್ಲಿ ಒಬ್ಬರು ರುಬ್ಬಿ, ಇನ್ನೊಬ್ಬರು ಒಗ್ಗರಣೆ ಹಾಕಿದ ಹಾಗೆ.

ಕೂಡುಕುಟುಂಬದಲ್ಲಿ ಬೆಳೆದೋರಿಗೆ ಇದರ ಕಷ್ಟವೂ ಗೊತ್ತು. ರುಬ್ಬೋರು ಮುನಿಸಿಕೊಂಡರೆ ಅವತ್ತು ಯಾರಿಗೂ ದೋಸೆ ಇಲ್ಲ. 2011ರಲ್ಲಿ ಲಿಬಿಯಾ ಕಾರ್ಯಾಚರಣೆ ನಡೆದಾಗ ಜರ್ಮನಿ ಒಪ್ಪಲಿಲ್ಲ. ನ್ಯಾಟೋದ ಜಂಟಿ ರಾಡಾರ್ ವಿಮಾನಗಳ ಸಿಬ್ಬಂದಿಯಲ್ಲಿ ದೊಡ್ಡ ಪಾಲು ಜರ್ಮನ್ನರದೇ. ಮೆಡಿಟರೇನಿಯನ್ ಮೇಲೆ ಹಾರುತ್ತಿದ್ದ ಆ ವಿಮಾನಗಳಿಂದ ಜರ್ಮನಿ ತನ್ನವರನ್ನು ಇಳಿಸಿಕೊಂಡಿತು. ಉಳಿದವರು ಜಾಗ ತುಂಬಿಸಿ ಕೆಲಸ ನಡೆಸಿದರು. ಜರ್ಮನಿ ಮಾಡಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ತನ್ನ ಸೈನಿಕರನ್ನು ಎಲ್ಲಿಗೆ ಕಳಿಸಬೇಕು ಅನ್ನುವುದನ್ನು ಅಲ್ಲಿ ಸಂಸತ್ತೇ ತೀರ್ಮಾನಿಸಬೇಕು, ಅದು ಪ್ರಜಾಪ್ರಭುತ್ವದ ಪಾಠ. ಆದರೆ ಹಂಚಿಕೊಂಡ ಶಕ್ತಿಗೆ ಹಂಚಿಕೊಂಡ ಮನಸ್ಸೂ ಬೇಕು. ಅದನ್ನು ಯಾವ ಬಜೆಟ್ಟಿನಲ್ಲೂ ಕೊಳ್ಳೋಕೆ ಆಗಲ್ಲ.

ಕರೆದಾಗ ಬಂದದ್ದು ಒಮ್ಮೆ

5ನೇ ಕಲಮು ಇಷ್ಟು ವರ್ಷಗಳಲ್ಲಿ ಜಾರಿಯಾದದ್ದು ಒಂದೇ ಸಲ. ಯಾರಿಗೋಸ್ಕರ ಗೊತ್ತಾ? ಎಲ್ಲರನ್ನೂ ಕಾಯಬೇಕಾದ ಅಮೆರಿಕಕ್ಕೋಸ್ಕರ! 2001ರ ಸೆಪ್ಟೆಂಬರ್ 11ರ ದಾಳಿಯ ಮಾರನೇ ದಿನವೇ ಉಳಿದ ಸದಸ್ಯರು ಇದು ನಮ್ಮ ಮೇಲಿನ ದಾಳಿ ಅಂದರು. ಅಕ್ಟೋಬರ್‌ನಿಂದ 2002ರ ಮೇವರೆಗೆ ನ್ಯಾಟೋದ ರಾಡಾರ್ ವಿಮಾನಗಳು ಅಮೆರಿಕದ ಆಕಾಶ ಕಾದವು. 13 ದೇಶಗಳ 830 ಸಿಬ್ಬಂದಿ, 360ಕ್ಕೂ ಹೆಚ್ಚು ಹಾರಾಟ. ಆ ವಿಮಾನಗಳು ನೆಲೆಗೊಂಡಿರುವುದು ಜರ್ಮನಿಯಲ್ಲಿ, ನೋಂದಣಿ ಲಕ್ಸೆಂಬರ್ಗ್‌ನದು. ಜಗತ್ತಿನ ಅತಿ ಬಲಿಷ್ಠ ಸೇನೆಯ ಆಕಾಶವನ್ನು ಆ ಚಳಿಗಾಲದಲ್ಲಿ ಲಕ್ಸೆಂಬರ್ಗ್ ನಂಬರಿನ ವಿಮಾನಗಳು ಕಾದವು.

ಆಮೇಲೆ ಅಫ್ಘಾನಿಸ್ತಾನ. ಅಲ್ಲಿ ಬ್ರಿಟನ್ 457 ಮಂದಿಯನ್ನು ಕಳೆದುಕೊಂಡಿತು. ಕೆನಡಾ 150ಕ್ಕೂ ಹೆಚ್ಚು, ಡೆನ್ಮಾರ್ಕ್ 40ಕ್ಕೂ ಹೆಚ್ಚು, ಪುಟ್ಟ ಎಸ್ಟೋನಿಯಾ 9. ಜನಸಂಖ್ಯೆಗೆ ಹೋಲಿಸಿದರೆ ಡೆನ್ಮಾರ್ಕ್ ತೆತ್ತ ಬೆಲೆ ಅಮೆರಿಕದ್ದಕ್ಕೆ ಹತ್ತಿರವೇ ಇದೆ. ಆ ಯುದ್ಧದಿಂದ ಏನು ಸಿಕ್ಕಿತು ಅನ್ನುವುದು ಬೇರೆ ಚರ್ಚೆ. ಆದರೆ ಶೇ 2ರ ಪಟ್ಟಿಯಲ್ಲಿ ಆ ಕಾಲಕ್ಕೆ ಡೆನ್ಮಾರ್ಕ್ ಹಿಂದುಳಿದ ದೇಶವಾಗಿತ್ತು. ಮೇಂಟೆನೆನ್ಸ್ ಬಾಕಿ ಇದ್ದ ಮನೆಯವರೇ ಬೆಂಕಿ ಬಿದ್ದ ದಿನ ಬಕೆಟ್ ಹಿಡಿದು ಓಡಿಬಂದಿದ್ದರು.

ನಮ್ಮ ಕಾರವಾರದ ಪಕ್ಕ ನಿಂತುಹೋದ ಭರವಸೆ

ಈ ಭರವಸೆಗೂ ಒಂದು ಎಲ್ಲೆ ಇದೆ. ಅದು ಎಲ್ಲಿ ಮುಗಿಯುತ್ತೆ ಅಂತ ತಿಳಿಯೋಕೆ ನಾವು ಯುರೋಪಿಗೆ ಹೋಗಬೇಕಿಲ್ಲ, ಗೋವಾ ಸಾಕು.

ಪೋರ್ಚುಗಲ್ ನ್ಯಾಟೋದ 12 ಸ್ಥಾಪಕ ಸದಸ್ಯರಲ್ಲಿ ಒಂದು. 1961ರ ಡಿಸೆಂಬರ್‌ನಲ್ಲಿ ಭಾರತದ ಸೇನೆ ಗೋವಾ ಬಿಡುಗಡೆಗೆ ಹೊರಟಾಗ ಬೆಳಗಾವಿ ನಮ್ಮವರ ಮುಖ್ಯ ನೆಲೆಗಳಲ್ಲೊಂದಾಗಿತ್ತು. ಕಾರವಾರದ ಹತ್ತಿರದ ಅಂಜದೀವ್ ದ್ವೀಪದ ಕಾರ್ಯಾಚರಣೆಯಲ್ಲಿ ಐಎನ್‌ಎಸ್ ಮೈಸೂರು ಯುದ್ಧನೌಕೆ ಇತ್ತು. ಅಲ್ಲಿ ನಮ್ಮ ನಾವಿಕರು ಪ್ರಾಣ ತೆತ್ತರು. ನ್ಯಾಟೋ ಸದಸ್ಯನ ಆಡಳಿತದಲ್ಲಿದ್ದ ನೆಲದ ಮೇಲೆ ಸೇನಾ ಕಾರ್ಯಾಚರಣೆ ನಡೆಯಿತು. ಆದರೂ ನ್ಯಾಟೋ ಯಾಕೆ ಬರಲಿಲ್ಲ?

ಯಾಕಂದ್ರೆ 6ನೇ ಕಲಮು. ಭರವಸೆ ಯುರೋಪ್, ಉತ್ತರ ಅಮೆರಿಕಕ್ಕೆ ಮತ್ತು ಉತ್ತರ ಅಟ್ಲಾಂಟಿಕ್‌ನಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವ ದ್ವೀಪಗಳಿಗೆ. ಒಪ್ಪಂದ ಬರೆಯುವಾಗಲೇ ಇದನ್ನು ಬೇಕಂತಲೇ ಹಾಗೆ ಬರೆದರು. ವಸಾಹತುಗಳ ಜಗಳಕ್ಕೆ ತಾವು ಹೋಗೋದು ಅಮೆರಿಕಕ್ಕೆ ಬೇಕಿರಲಿಲ್ಲ. ಅಮೆರಿಕ, ಬ್ರಿಟನ್, ಫ್ರಾನ್ಸ್, ಟರ್ಕಿ ಸೇರಿ ಭದ್ರತಾ ಮಂಡಳಿಯಲ್ಲಿ ಕದನವಿರಾಮದ ನಿರ್ಣಯ ತಂದವು, ಸೋವಿಯತ್ ಒಕ್ಕೂಟ ವೀಟೊ ಹಾಕಿತು, ಅಲ್ಲಿಗೆ ಮುಗಿಯಿತು. ಸೈನಿಕನೊಬ್ಬನೂ ಬರಲಿಲ್ಲ. ನಮ್ಮ ಪುಣ್ಯ! ಅದೇ ಪೋರ್ಚುಗಲ್ 2014ರಲ್ಲಿ ಲಿಥುವೇನಿಯಾದ ಆಕಾಶ ಕಾಯೋಕೆ ಎಫ್-16 ಕಳಿಸಿತು. ಒಂದೇ ದೇಶ, ಒಂದೇ ಒಪ್ಪಂದ. ವಸಾಹತು ಉಳಿಸೋಕೆ ಕೆಲಸಕ್ಕೆ ಬರಲಿಲ್ಲ, ನೆರೆಯವರನ್ನು ಕಾಯೋಕೆ ಬಂತು.

ಯಾರ ಜೊತೆಗೂ ಸೇರದೆ ಇರುವುದಕ್ಕೂ ಬಿಲ್ ಇದೆ

ಭಾರತ ಇಂಥ ಯಾವ ಕೂಟಕ್ಕೂ ಸೇರಿಲ್ಲ. ಆ ನಿಲುವಿಗೆ ನಮ್ಮದೇ ಕಾರಣಗಳಿವೆ, ಗೋವಾದ ಅನುಭವವೂ ಅದಕ್ಕೆ ಪುಷ್ಟಿ ಕೊಡುತ್ತದೆ. ಬೇರೆಯವರ ಯುದ್ಧಕ್ಕೆ ನಮ್ಮ ಹುಡುಗರು ಹೋಗಬೇಕಿಲ್ಲ. ಯಾರಿಂದ ತೈಲ ಕೊಳ್ಳಬೇಕು, ಯಾರಿಂದ ಕ್ಷಿಪಣಿ ಕೊಳ್ಳಬೇಕು ಅಂತ ಇನ್ನೊಬ್ಬರ ಅನುಮತಿ ಕೇಳಬೇಕಿಲ್ಲ.

ಆದರೆ 1962ರ ನವೆಂಬರ್ 19 ಕೂಡ ನೆನಪಿರಲಿ. ಚೀನಾ ಸೇನೆ ಈಶಾನ್ಯದಲ್ಲಿ ಇಳಿದು ಬರುತ್ತಿದ್ದಾಗ ನೆಹರು ಅಮೆರಿಕದ ಅಧ್ಯಕ್ಷ ಕೆನಡಿಗೆ ಪತ್ರ ಬರೆದು ಫೈಟರ್ ವಿಮಾನಗಳ ನೆರವು ಕೇಳಿದರು. ಮೊದಲೇ ಜೊತೆಯಾಗಿ ಅಭ್ಯಾಸ ಮಾಡಿದ್ದಿಲ್ಲ, ಯಾವ ರನ್‌ವೇ, ಯಾರ ರಾಡಾರ್, ಯಾರ ಆದೇಶ ಅಂತ ಮಾತಾಗಿದ್ದಿಲ್ಲ. ಎರಡೇ ದಿನದಲ್ಲಿ ಚೀನಾ ತಾನೇ ಕದನವಿರಾಮ ಘೋಷಿಸಿತು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡೋದು ಅಂತಾರಲ್ಲ, ಆ ಸ್ಥಿತಿ. ಲಿಥುವೇನಿಯಾದವರು ಬಾವಿಯನ್ನು ನೆರೆಯವರ ಜೊತೆ ಸೇರಿ ಮೊದಲೇ ತೋಡಿದ್ದಾರೆ. ನಾವು ನಮ್ಮ ಬಾವಿಯನ್ನು ನಾವೇ ತೋಡಿಕೊಳ್ಳುತ್ತೇವೆ ಅಂತ ಆರಿಸಿಕೊಂಡಿದ್ದೇವೆ. ಎರಡಕ್ಕೂ ಬೆವರು ಬೇಕು. ಸ್ವತಂತ್ರವಾಗಿ ಇರ್ತೀವಿ ಅಂದವರು ಪೂರ್ತಿ ಬಿಲ್ ಒಬ್ಬರೇ ಕಟ್ಟಬೇಕು, ಅದು ನಮ್ಮ ನಿಮ್ಮ ತೆರಿಗೆಯಿಂದಲೇ.

ಹಾಗಾಗಿ ಮುಂದಿನ ಸಲ ಫೋನಿನಲ್ಲಿ "ನ್ಯಾಟೋ ಬಿರುಕು" ಅಂತ ನೋಟಿಫಿಕೇಷನ್ ಬಂದಾಗ ಪರ್ಸೆಂಟ್ ಒಂದನ್ನೇ ನೋಡಬೇಡಿ. ಮೂರು ವಿಷಯ ಹುಡುಕಿ. ಕಾವಲಿನ ಪಾಳಿ ನಡೀತಿದೆಯಾ? ಮುಂಚೂಣಿಯಲ್ಲಿ ಯಾರ್ಯಾರ ಮಕ್ಕಳು ನಿಂತಿದ್ದಾರೆ? ಸಹಾಯ ಕೇಳುವ ದೇಶ ತನ್ನ ಪಾಲಿನ ಕೆಲಸ ಮಾಡ್ತಿದೆಯಾ? ಈ ಮೂರಕ್ಕೂ ಉತ್ತರ ಸರಿ ಇದ್ದರೆ ನಾಯಕರು ವೇದಿಕೆ ಮೇಲೆ ಎಷ್ಟೇ ಕಿತ್ತಾಡಲಿ, ಕೂಟ ಉಸಿರಾಡುತ್ತಿದೆ ಅಂತ ತಿಳಿಯಿರಿ. ಈ ಮೂರೂ ನಿಂತುಹೋದ ದಿನ 5ನೇ ಕಲಮು ಅಲ್ಲೇ ಇರುತ್ತದೆ, ಅಕ್ಷರ ಒಂದೂ ಬದಲಾಗಿರಲ್ಲ. ಆದರೆ ಅದನ್ನು ನಂಬಿ ರಾತ್ರಿ ನೆಮ್ಮದಿಯಾಗಿ ಮಲಗೋಕೆ ಯಾರಿಗೂ ಧೈರ್ಯ ಬರಲ್ಲ.